ಹತ್ತು ಗಂಟೆಯ ದನಿ

ಬೆಂಕಿ ಬಿದ್ದಾಗ ಜನ ಹೊರಬರಬೇಕಾದ ಆಸ್ಪತ್ರೆಯ ಬಾಗಿಲುಗಳು ಸುರಕ್ಷಿತವೆಂದು ಸಹಿ ಮಾಡಲು ಒಪ್ಪದ ಪರೀಕ್ಷಕನನ್ನು ಕಂಪನಿ ಕೆಲಸದಿಂದ ತೆಗೆಯಿತು. ಮರುದಿನದಿಂದ ಅವನ ಹೆಸರಿನಲ್ಲಿ ತಾನೇ ಸಹಿ ಮಾಡತೊಡಗಿತು.

ಎಂಟು ತಿಂಗಳ ಮೇಲೆ ಆ ಪ್ರಾಜೆಕ್ಟಿಗೆ ಮ್ಯಾನೇಜರ್ ಆಗಿ ಬಂದ ಅವಳಿಗೆ ಇದು ಗೊತ್ತಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಹತ್ತರ ಮೀಟಿಂಗಿನಲ್ಲಿ, ಪರದೆಯ ಮೂಲೆಯ ಕಪ್ಪು ಚೌಕದಿಂದ ಒಂದು ದನಿ ಬಂತು.

"ನಿನ್ನೆಯ ಪರೀಕ್ಷೆ ಮುಗಿದಿದೆ. ಇವತ್ತಿನದೂ ಮುಗಿಯುತ್ತೆ. ಅಡ್ಡಿ ಏನೂ ಇಲ್ಲ."

ಆ ದನಿಯಲ್ಲಿ ಏನೋ ಇತ್ತು... ದಣಿದ ಕೈಯೊಂದು ಮೆಲ್ಲಗೆ ಹೆಗಲ ಮೇಲೆ ಕೂತ ಹಾಗೆ.

"ಊಟ ಆಯ್ತಾ?" ಎಂದಿತು ಕೊನೆಗೆ.

ಬೆಳಿಗ್ಗೆ ಹತ್ತಕ್ಕೆ ಊಟವೇ? ಅವಳು ನಕ್ಕಳು. ಬೇರೆ ಯಾರೂ ನಗಲಿಲ್ಲ. ಎಲ್ಲರೂ ಮೇಜು ನೋಡುತ್ತಿದ್ದರು.

"ಅವರು ಆಫೀಸಿಗೆ ಬರಲ್ವಾ?"

"ಮನೆಯಿಂದಲೇ ಕೆಲಸ. ಸಂಕೋಚದ ಮನುಷ್ಯ," ಎಂದ ನಿರ್ದೇಶಕ. "ಆದ್ರೆ ಆಸ್ಪತ್ರೆಯವರಿಗೆ ಅವನ ಮಾತೇ ಬೇಕು. ಒಪ್ಪಂದದಲ್ಲಿ ಅವನ ಹೆಸರಿದೆ."

ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದವಳನ್ನು ಊಟ ಆಯ್ತಾ ಎಂದು ಕೇಳುವ ಜೀವ ಅದೊಂದೇ ಆಯಿತು. ಹತ್ತು ಗಂಟೆಗಾಗಿ ಕಾಯತೊಡಗಿದಳು. ನಾಚಿಕೆಯಾಗುತ್ತಿತ್ತು, ಆದರೂ ಕಾಯುತ್ತಿದ್ದಳು.

ಮೂರನೆಯ ವಾರ ಆಸ್ಪತ್ರೆಯ ಹೊಸ ಮಹಡಿ ನೋಡಲು ಹೋದಳು. ಸಾಲು ಮಂಚಗಳು, ಪ್ಲಾಸ್ಟಿಕ್ ಬಿಚ್ಚದ ಹಾಸಿಗೆಗಳು. ನಡುಮಧ್ಯಾಹ್ನ ಕರೆಂಟ್ ಹೋಯಿತು.

ಕರೆಂಟ್ ಹೋದರೆ ಅಲ್ಲಿಯ ಬಾಗಿಲುಗಳ ಬೀಗ ತಾನಾಗಿ ಕಳಚಿಕೊಳ್ಳಬೇಕು. ಬೆಂಕಿ ಬಿದ್ದಾಗ ಜನ ಓಡುವುದು ಆ ದಾರಿಯಲ್ಲೇ.

ಟಕ್. ದೂರದ ಬಾಗಿಲು ಬೀಗ ಹಾಕಿಕೊಂಡಿತು. ಟಕ್... ಮುಂದಿನದು. ಯಾರೋ ಬೀಗ ಹಾಕುತ್ತ ತನ್ನತ್ತಲೇ ನಡೆದು ಬರುತ್ತಿದ್ದಾರೆ ಅನ್ನಿಸಿತು. ಅವಳು ಓಡಿದಳು. ಕೊನೆಯ ಬಾಗಿಲು ಅವಳ ಬೆರಳಂಚಿನಲ್ಲೇ ಮುಚ್ಚಿತು.

ಕಂಪನಿ ಕೊಟ್ಟಿದ್ದ ಪರೀಕ್ಷಕನ ನಂಬರಿಗೆ ಫೋನ್ ಮಾಡಿದಳು.

"ನೀವು ಪಾಸ್ ಮಾಡಿದ ಬಾಗಿಲೊಳಗೆ ಸಿಕ್ಕಿಹಾಕ್ಕೊಂಡಿದ್ದೀನಿ. ದಯವಿಟ್ಟು..."

"ಅಡ್ಡಿ ಏನೂ ಇಲ್ಲ. ಊಟ ಆಯ್ತಾ?"

ಅದೇ ದನಿ. ಅದೇ ಅಕ್ಕರೆ. ಅವಳು ಕರೆ ಕತ್ತರಿಸಿದಳು.

ಒಂಬತ್ತು ನಿಮಿಷದ ಮೇಲೆ ಕರೆಂಟ್ ಬಂತು, ಬಾಗಿಲು ತೆರೆಯಿತು. ಮರುದಿನ ಬೆಳಿಗ್ಗೆ ಹಳೆಯ ಫೈಲಿನ ವಿಳಾಸ ಹಿಡಿದು, ಪರೀಕ್ಷಕನ ಅಕ್ಕನ ಹೊಲಿಗೆ ಅಂಗಡಿಗೆ ನುಗ್ಗಿದಳು. ಹೊಲಿಗೆ ಮಿಷನ್ ಬಿಚ್ಚಿ ಕೂತಿದ್ದವನು ತಲೆಯೆತ್ತಿದ.

"ನಾಚಿಕೆ ಆಗಲ್ವಾ ನಿಮಗೆ? ದಿನಾ ಸುಳ್ಳು ಸಹಿ ಹಾಕೋಕೆ?"

"ನನ್ನ ಆ ಕೆಲಸದಿಂದ ತೆಗೆದು ಎಂಟು ತಿಂಗಳ ಮೇಲಾಯ್ತು ಮೇಡಂ."

"ಸುಳ್ಳು. ನಿಮ್ಮ ದನಿ ನಂಗೊತ್ತು."

ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. "ಮನೇಲಿ ಈ ಮಹಾರಾಯನ ಬಾಯಿ ಬಿಡಿಸೋಕೆ ಇಕ್ಕಳ ಬೇಕು. ಅಲ್ಲಿ ದಿನಾ ಮಾತಾಡ್ತಾನಂತಾ?"

ಗಂಟೆ ಹತ್ತಾಯಿತು. ಅವಳು ಫೋನಿನಲ್ಲಿ ಮೀಟಿಂಗ್ ತೆರೆದಳು.

"ಅಡ್ಡಿ ಏನೂ ಇಲ್ಲ. ಊಟ ಆಯ್ತಾ?"

ಅವನ ಕೈಯ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಸತ್ತವನನ್ನು ನೋಡಿದಂತೆ ಅವನು ಆ ಫೋನನ್ನು ನೋಡಿದ.

"ಮಧ್ಯಾಹ್ನದ ಮೀಟಿಂಗ್‌ಗಳಲ್ಲಿ ಎಲ್ಲರನ್ನೂ ಹಾಗೆ ಕೇಳ್ತಿದ್ದೆ... ಅವೆಲ್ಲ ರೆಕಾರ್ಡ್ ಆಗ್ತಿತ್ತು. ಅದರಿಂದಲೇ ಕಂಪ್ಯೂಟರಿನಲ್ಲಿ ನನ್ನ ದನಿ ಮಾಡ್ಕೊಂಡಿದ್ದಾರೆ."

ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡರು. ಅವನ ದನಿಯನ್ನು ಮಾತ್ರ ಸಂಬಳವಿಲ್ಲದೆ ದುಡಿಸಿಕೊಂಡರು.

ಮುಂದಿನ ಎರಡು ವಾರ ಅವಳು ಬೆಳಗಾಗುತ್ತಲೇ ಆ ಅಂಗಡಿಗೆ ಬಂದಳು. ಅವನು ಬಾಗಿಲುಗಳ ಪರೀಕ್ಷೆಯನ್ನು ಒಂದೊಂದಾಗಿ ಕಲಿಸಿದ. ತಪ್ಪಿದಾಗ ಗದರಿದ. ನಿಜವಾದ ದನಿ ಒರಟು, ತಡವರಿಸುವಂಥದ್ದು. 'ಇದನ್ನೇ ತಾನೇ ನಾನು ಹುಡುಕಿದ್ದು...' ಅಂದುಕೊಂಡಳು. ಹೇಳಲಿಲ್ಲ.

ಬೀಗದ ವಿಷಯ ನಿರ್ದೇಶಕನಿಗೆ ಬರೆದು ಕೊಟ್ಟಳು. "ನಾಳೆ ಹತ್ತಕ್ಕೆ ಮೇಟ್ರನ್‌ಗೆ ಮಹಡಿ ಒಪ್ಪಿಸ್ತೀವಿ. ನಲವತ್ತು ರೋಗಿಗಳು ಬರ್ತಾರೆ. ನೀವು ಒಪ್ಪಿಗೆ ಅಂದ್ರೆ ಸಾಕು," ಎಂದ.

ಮರುದಿನ ಅವಳು ಆಫೀಸಿಗೆ ಹೋಗಲಿಲ್ಲ. ಪರೀಕ್ಷಕನನ್ನು ಕರೆದುಕೊಂಡು ನೇರ ಆಸ್ಪತ್ರೆಗೆ, ನರ್ಸ್‌ಗಳ ಮುಖ್ಯಸ್ಥೆಯಾದ ಮೇಟ್ರನ್ ಕೋಣೆಗೆ ಹೋದಳು. ಅವರು ಮಾತು ಶುರುಮಾಡುವ ಮೊದಲೇ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ತೊಡಗಿತು. ನಿರ್ದೇಶಕನ ಮುಖದ ಪಕ್ಕ ಎರಡು ಕಪ್ಪು ಚೌಕಗಳು.

"ಅಡ್ಡಿ ಏನೂ ಇಲ್ಲ," ಎಂದಿತು ಪರೀಕ್ಷಕನ ದನಿ.

"ಮ್ಯಾನೇಜರ್ ಆಗಿ ನನ್ನ ಒಪ್ಪಿಗೆಯೂ ಇದೆ," ಎಂದಿತು ಇನ್ನೊಂದು.

ಅದು ಅವಳದೇ ದನಿ.

ಮೇಟ್ರನ್ ಪರದೆಯಿಂದ ಕಣ್ಣು ಕಿತ್ತು, ಎದುರು ನಿಂತವಳ ಮುಚ್ಚಿದ ತುಟಿಗಳನ್ನು ನೋಡಿದಳು.

"ಅದು ನಾನಲ್ಲ," ಎಂದಳು ಇವಳು. "ರೋಗಿಗಳನ್ನ ತರಬೇಡಿ. ಒಂದ್ಸಲ ಕರೆಂಟ್ ತೆಗೆಸಿ, ಕಣ್ಣಾರೆ ನೋಡಿ."

ಆ ಮಾತು ಲ್ಯಾಪ್‌ಟಾಪಿಗೂ ಕೇಳಿಸಿತ್ತು. ಮೀಟಿಂಗಿನಲ್ಲಿದ್ದ ನಿರ್ದೇಶಕ ಪರದೆಯತ್ತ ಬಗ್ಗಿದ. "ಎಲ್ಲಿದ್ದೀರಿ ನೀವು? ತಕ್ಷಣ ಅಲ್ಲಿಂದ ಹೊರಡಿ."

ಪರೀಕ್ಷಕ ಅವಳ ಕಿವಿಯ ಬಳಿ ಬಗ್ಗಿದ. "ಹೋಗಿ... ನಾನು ತೋರಿಸ್ತೀನಿ. ನಂಗಾದ ಗತಿ ನಿಮಗೆ ಬೇಡ. ನಿಮ್ಮನ್ನ ಕಳ್ಕೊಳ್ಳೋಕೆ ನನ್ನಿಂದಾಗಲ್ಲ."

"ಆಗಲ್ಲ ಅಂದ್ರೆ ಹೋಗು ಅಂತ ಯಾಕೆ ಹೇಳ್ತೀಯ?"

ಮೊದಲ ಸಲ ಏಕವಚನ. ಅವನ ಕಣ್ಣು ತುಂಬಿತು. ಅವಳು ಅವನ ಕೈ ಹಿಡಿದಳು. ಬೆಚ್ಚಗಿತ್ತು, ಎಣ್ಣೆಯ ಜಿಡ್ಡಿತ್ತು.

"ಕೇಳಿಸ್ತಾ? ಹೊರಡಿ ಅಂದೆ," ಎಂದ ನಿರ್ದೇಶಕ.

"ಹೊರಡಲ್ಲ," ಎಂದಳು ಅವಳು.