ಮದ್ದ್ ಉಟ್ಟಾ?

"ಸಾರ್, ಮದ್ದ್ ಉಟ್ಟಾ?"

ಸರ್ಕಾರಿ ಆಸ್ಪತ್ರೆಯ ಕಿಟಕಿಯ ಒಳಗೆ ಕೂತಿದ್ದವನು ತಲೆ ಎತ್ತಿದ. ಮೊದಲು ಮೋಕ್ಷಿತಾಳನ್ನು ನೋಡಿದ, ಆಮೇಲೆ ಬಗ್ಗಿ ತನ್ನ ಕಾಲನ್ನು ನೋಡಿಕೊಂಡ.

"ಉಡೋದಾ? ನಾನು ಪ್ಯಾಂಟ್ ಹಾಕ್ಕೊಂಡಿದೀನಲ್ಲ ಮೇಡಂ."

ಹಿಂದೆ ಚೀಟಿ ಹಿಡಿದು ನಿಂತಿದ್ದ, ಅವಳ ಬಳಿಯೇ ಬ್ಲೌಸ್ ಹೊಲಿಸುವ ಬೋಜಮ್ಮ ಕಿಸಕ್ಕನೆ ನಕ್ಕಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮೋಕ್ಷಿತಾಳಿಗೆ ಮಾತ್ರ ನಗು ಬರಲಿಲ್ಲ. ಯಾವಾಗಲೂ ಇರುತ್ತಿದ್ದ ಕ್ಲರ್ಕ್ ತನ್ನ ಕಡೆಯವನೇ, ಅರೆಭಾಷೆಯವನು. ಅವನೇ ಇರಬೇಕೆಂದುಕೊಂಡು ಮುಖ ನೋಡದೆ ಕೇಳಿಬಿಟ್ಟಿದ್ದಳು. ಇವನು ಶನಿವಾರಸಂತೆ ಕಡೆಯಿಂದ ಹೊಸದಾಗಿ ಬಂದ ಕೀರ್ತಿಕುಮಾರ್. ಆ ಕಡೆ 'ಉಟ್ಟು' ಎಂದರೆ ಹೆಂಗಸರು ಸೀರೆ ಉಡುವುದು, ಅಷ್ಟೆ. ಅರೆಭಾಷೆಯಲ್ಲಿ 'ಉಟ್ಟು' ಎಂದರೆ 'ಇದೆ' ಎಂದು ಅವನಿಗೆ ಯಾರು ಹೇಳಬೇಕು?

"ಹಾವಿನ ಮದ್ದು ಇದೆಯಾ ಅಂತ ಕೇಳಿದೆ," ಎಂದಳು, ಒಂದೊಂದೇ ಅಕ್ಷರ ಬಿಡಿಸಿ.

ಅವನ ಕಿವಿ ಕೆಂಪಾಯಿತು. "ಹಾಗೆಲ್ಲ ಬಾಯಲ್ಲಿ ಹೇಳೋಕೆ ಬರಲ್ಲ ಮೇಡಂ. ಬರವಣಿಗೆಯಲ್ಲಿ ಕೊಡಿ."

ಹಳೆಯ ಕ್ಲರ್ಕ್ ಹೇಳುತ್ತಿದ್ದುದೂ ಅದನ್ನೇ. ಮುಖ ಬದಲಾದರೂ ಮಾತು ಬದಲಾಗಲಿಲ್ಲ ಎಂದು ಅವಳ ಮೈ ಉರಿಯಿತು.

ಅವಳು ಸುಮ್ಮನೆ ಕೇಳುತ್ತಿರಲಿಲ್ಲ. ಹಿಂದಿನ ವರ್ಷ ಕಾಫಿ ಪಿಕ್ಕಿಂಗ್ ಸಮಯದಲ್ಲಿ ಅವಳ ಅವ್ವ ತಂಗಮ್ಮನ ಪಾದಕ್ಕೆ ಕೊಳಕುಮಂಡಲ ಹಾವು ಕಚ್ಚಿತ್ತು. ಹತ್ತಿರ ಎಂದು ಜೀಪನ್ನು ಈ ಆಸ್ಪತ್ರೆಗೇ ತಂದರು. ಇಲ್ಲಿ ಬೀರು ತೆಗೆದು, ಬೀಗ ಹುಡುಕಿ, ಫ್ರಿಜ್ ನೋಡಿ, ಕೊನೆಗೆ ಮದ್ದು ಇಲ್ಲ ಎಂದರು. ಮಡಿಕೇರಿ ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲು ಕಪ್ಪಾಗಿತ್ತು. ಅವ್ವ ಉಳಿದಳು, ಪಾದದ ಬೆರಳುಗಳು ಉಳಿಯಲಿಲ್ಲ. ಗೇಟಿನಲ್ಲೇ 'ಇಲ್ಲ' ಎಂದು ಒಂದು ಬೋರ್ಡ್ ಇದ್ದಿದ್ದರೆ ಜೀಪು ನೇರ ಹೋಗುತ್ತಿತ್ತು. ಮೋಕ್ಷಿತಾಳಿಗೆ ಬೇಕಾಗಿದ್ದು ಆ ಬೋರ್ಡ್ ಮಾತ್ರ.

ಆಸ್ಪತ್ರೆಯ ಗೇಟಿಗೆ ಎದುರಾಗಿಯೇ ಅವಳ ಟೈಲರ್ ಅಂಗಡಿ. ಅವತ್ತು ಬ್ಲೌಸ್ ಕತ್ತರಿಸುವುದನ್ನು ಬಿಟ್ಟು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದಳು. ಹಾವಿನ ಮದ್ದು ಯಾವ ಯಾವ ತಿಂಗಳಲ್ಲಿ ಇತ್ತು, ಯಾವಾಗ ಇರಲಿಲ್ಲ, ಇಲ್ಲದಿದ್ದರೆ ಯಾಕೆ ಇರಲಿಲ್ಲ.

ಕಾಯಿಸಿ ಕಾಯಿಸಿ ಉತ್ತರ ಬಂತು. 'ಹಾವಿನ ಮದ್ದು ಎಂಬ ಹೆಸರಿನಲ್ಲಿ ಈ ಕಚೇರಿಯಲ್ಲಿ ಯಾವುದೇ ದಾಸ್ತಾನು ನಿರ್ವಹಿಸಿರುವುದಿಲ್ಲ. ಏಕೆ ಎಂಬ ಪ್ರಶ್ನೆಗೆ ಉತ್ತರಿಸುವುದು ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ.' ಕೆಳಗೆ ಡಾಕ್ಟರ್ ಉತ್ತಯ್ಯನವರ ಸಹಿ. ಬರೆದವನು ಯಾರೆಂದು ಅವಳಿಗೆ ಗೊತ್ತಿತ್ತು. ಅಷ್ಟು ಚಂದದ, ಒಂದೂ ತಪ್ಪಿಲ್ಲದ ಕನ್ನಡ ಡಾಕ್ಟರರ ಕೈಯಿಂದ ಬರುವಂಥದ್ದಲ್ಲ.

ಕಾಗದ ಹಿಡಿದು ರಸ್ತೆ ದಾಟಿದಳು.

"ಎಂತ ಸಾರ್ ಇದು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಬರ್ದಿದ್ದಾ?"

ಕೀರ್ತಿಕುಮಾರ್ ಒಳಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ರಿಜಿಸ್ಟರ್‌ನಲ್ಲಿ ಅದರ ಹೆಸರು ಎಎಸ್‌ವಿ, ಆ್ಯಂಟಿ ಸ್ನೇಕ್ ವೆನಮ್. ನೀವು ಹಾವಿನ ಮದ್ದು ಅಂತ ಕೇಳಿದ್ರಿ."

"ಊರಲ್ಲಿ ಎಲ್ರೂ ಹಾಗೇ ಹೇಳುದು."

"ಊರಲ್ಲಿ ಹೇಳ್ತಾರೆ. ಕೇಳಿದ ಹೆಸರಲ್ಲಿ ಇದ್ರೆ ಮಾತ್ರ ಕೊಡಿ ಅಂತಾರೆ ಸಾಹೇಬ್ರು. ಈ ಸಲ ಎಎಸ್‌ವಿ ಅಂತ ಹಾಕಿ. 'ಯಾಕೆ' ಅನ್ನೋದು ತೆಗೀರಿ. ನಾನು ಹೇಳಿದ್ದು ಅಂತ ಎಲ್ಲೂ ಹೇಳ್ಬೇಡಿ."

ಹೇಳುವಾಗ ಅವನು ಅವಳ ಕಣ್ಣನ್ನು ನೋಡಲಿಲ್ಲ, ಅವಳ ಕೊರಳಿಗೆ ಜೋತುಬಿದ್ದ ಅಳತೆ ಟೇಪನ್ನು ನೋಡುತ್ತಿದ್ದ. ಅವಳಿಗೆ ಅವನನ್ನು ಬೈಯಬೇಕೋ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗದೆ, ಎರಡನ್ನೂ ಮಾಡದೆ ವಾಪಸ್ ಬಂದಳು.

ಎರಡನೇ ಅರ್ಜಿ ತಿರುಗಿ ಬಂತು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕಂತೆ, ಮದ್ದು ಒಂದು ವಿಷಯ, ಬೋರ್ಡ್ ಇನ್ನೊಂದು. ಮೂರನೆಯದೂ ತಿರುಗಿತು. ನೂರೈವತ್ತು ಪದ ದಾಟಬಾರದಂತೆ. ಅವ್ವನ ಕಾಲಿನ ಕಥೆಯನ್ನು ನೂರೈವತ್ತು ಪದದಲ್ಲಿ ಹೇಳುವುದು ಹೇಗೆ ಎಂದು ಅವಳು ಪೆನ್ನು ಎಸೆದಳು. ಆಮೇಲೆ ಹುಡುಕಿ ತಂದು ಅವ್ವನ ಕಾಲನ್ನು ಹೊಡೆದುಹಾಕಿದಳು. ಎಎಸ್‌ವಿ ಉಳಿಯಿತು.

"ಹೋದ ಬೆರಳ್ ಬೋರ್ಡ್ ಹಾಕಿರೆ ವಾಪಸ್ ಬಾದುಟ್ಟಾ?" ಎಂದು ತಂಗಮ್ಮ ಕೇಳಿದಳು.

"ನಿಂದಲ್ಲ ಅವ್ವಾ. ಇನ್ನೊಬ್ರ ಬೆರಳಿಗೆ."

ಮಾರನೆಯ ದಿನ ತಂಗಮ್ಮ ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಾನೇ ಕುಂಟುತ್ತಾ ಹೋಗಿ ತಂದುಕೊಟ್ಟಳು.

ಈ ನಡುವೆ ಕೀರ್ತಿಕುಮಾರ್ ಒಂದು ಸಂಜೆ ಬೂದು ಬಣ್ಣದ ಪ್ಯಾಂಟ್ ಮಡಚಿಕೊಂಡು ಅಂಗಡಿಗೆ ಬಂದ. ಊರಿಗೆ ಬಂದವನು ಟೈಲರ್ ಅಂಗಡಿಗೆ ಬಾರದಿರುತ್ತಾನೆಯೇ ಎಂದು ಅವಳು ಸುಮ್ಮನೆ ತೆಗೆದುಕೊಂಡಳು.

"ಉದ್ದ ಆಗಿದೆ. ಸ್ವಲ್ಪ ಕಡಿಮೆ ಮಾಡಿ."

"ಬರವಣಿಗೆಯಲ್ಲಿ ಕೊಡಿ ಸಾರ್."

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಅದನ್ನು ನೋಡಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮುಂದಿನ ವಾರ ಅದೇ ಪ್ಯಾಂಟ್ ಬಂತು. ಗಿಡ್ಡ ಆಯಿತು, ಬಿಡಿಸಬೇಕು. ಅದರ ಮುಂದಿನ ವಾರ ಸೊಂಟ ಸಡಿಲ. ಆಮೇಲೆ ಸೊಂಟ ಬಿಗಿ. ಬಂದಾಗಲೆಲ್ಲ ಮೇಜಿನ ಮೇಲಿದ್ದ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕನ್ನು ತಿರುಗಿಸುತ್ತಾ ಕೂರುತ್ತಿದ್ದ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತಿದ್ದ, ಅದೂ ಒಂದೇ ವಾಕ್ಯ. ಒಂದು ದಿನ ಅವನು ಹೋದ ಮೇಲೆ ಚಾಕ್ ಕಾಣಲಿಲ್ಲ. ಹುಡುಕಿದಳು, ಸಿಗಲಿಲ್ಲ, ಹೊಸದು ತಂದಳು.

ಕೊನೆಗೆ ಕಡತ ಪರಿಶೀಲನೆಗೆ ಅವಕಾಶ ಸಿಕ್ಕಿತು. ಕಾನೂನಿನ ಪ್ರಕಾರ ಕಚೇರಿಯಲ್ಲೇ ಕೂತು ನೋಡಬೇಕು, ಸಿಬ್ಬಂದಿಯೊಬ್ಬರು ಎದುರಿಗಿರಬೇಕು. ಎದುರಿಗೆ ಕೂತವನು ಅವನೇ. ಫ್ಯಾನ್ ಗಾಳಿಗೆ ಹಾಳೆ ಹಾರದಂತೆ ಅವನು ಒಂದು ಮೂಲೆ ಒತ್ತಿ ಹಿಡಿದ, ಅವಳು ಇನ್ನೊಂದು. ಅವಳು ಅಂಕಿ ಓದುತ್ತಿದ್ದಳು, ಅವನು ಅವಳನ್ನು ಓದುತ್ತಿದ್ದ. ತಲೆ ಎತ್ತಿದರೆ ಕಿಟಕಿ ನೋಡುತ್ತಿದ್ದ. ಹಾಳೆಯ ಅಂಚಿನಲ್ಲಿ ಇಬ್ಬರ ಬೆರಳು ತಾಗಿದಾಗ ಇಬ್ಬರೂ ಕೈ ತೆಗೆದರು, ಹಾಳೆ ಹಾರಿಹೋಯಿತು.

"ಕಾಫಿ ತರಿಸ್ಲಾ?" ಎಂದ ಅವನು, ನೆಲದಿಂದ ಅದನ್ನು ಎತ್ತುತ್ತಾ.

"ಅದೂ ಕಡತದಲ್ಲಿ ಬರ್ತದಾ?"

"ಇಲ್ಲ. ಅದು ನನ್ನ ಲೆಕ್ಕ."

ಅವತ್ತು ಮನೆಗೆ ಹೋಗುವಾಗ, ನೋಡಿದ ಪುಟಗಳಿಗಿಂತ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಅವನ ಮೇಲೆ ತನಗೆ ಮನಸ್ಸಾಗಿದೆ ಎಂದು ಅವಳು ತನಗೇ ಒಪ್ಪಿಕೊಂಡಳು. ಜಾತಿ ಬೇರೆ, ಊರು ಬೇರೆ, ಆ ಜಗಳ ಆಮೇಲೆ ಬರುತ್ತದೆ, ಬಂದೇ ಬರುತ್ತದೆ. ಅದಕ್ಕಿಂತ ಮೊದಲು ಅವನ ಬಾಯಿಂದ ಒಂದು ಮಾತು ಬರಬೇಕಲ್ಲ.

ಆ ಪುಟಗಳಲ್ಲಿ ತಿಂಗಳುಗಟ್ಟಲೆ ಕಂಡ ಸೊನ್ನೆಗಳನ್ನು ಮುಂದಿಟ್ಟು ಮೇಲಿನ ಅಧಿಕಾರಿಗೆ ಹಾಕಿದ ಮೇಲ್ಮನವಿಯಲ್ಲಿ ಅವಳು ಗೆದ್ದಳು. ಜನ ಕೇಳದೆಯೇ ಕಚೇರಿ ತಾನಾಗಿ ಹೇಳಬೇಕಾದ ವಿಷಯಗಳಿವೆ, ಕಾನೂನಿನ ನಾಲ್ಕನೇ ಸೆಕ್ಷನ್ ಅದನ್ನೇ ಹೇಳುತ್ತದೆ, ಗೇಟಿನಲ್ಲಿ ಬೋರ್ಡ್ ಹಾಕಿ ಎಂದು ಆದೇಶವಾಯಿತು. ಮೋಕ್ಷಿತಾ ಬೋಜಮ್ಮನ ಮನೆಯವರೆಗೂ ಓಡಿಹೋಗಿ ಹೇಳಿ ಬಂದಳು.

ಬೋರ್ಡ್ ಬಂತು. ಹಸಿರು ಬಣ್ಣದ ತಗಡು. ಅದರ ಮೇಲೆ ಬಿಳಿ ಆಯಿಲ್ ಪೇಂಟಿನಲ್ಲಿ ದಪ್ಪಕ್ಷರ: 'ಎ.ಎಸ್.ವಿ. ಲಭ್ಯವಿದೆ.'

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಇದ್ದರೂ ಲಭ್ಯವಿದೆ, ಇಲ್ಲದಿದ್ದರೂ ಲಭ್ಯವಿದೆ. ಮಳೆ ಬಂದರೂ ಅಳಿಯದ ಸುಳ್ಳು. ನಂಬಿ ಒಳಗೆ ಬಂದವರ ಗತಿ ಅವ್ವನದಕ್ಕಿಂತ ಕಡೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಇವರು ವರವನ್ನೇ ಶಾಪ ಮಾಡಿಟ್ಟಿದ್ದರು.

ಒಳಗೆ ಹೋಗಿ ಕೇಳಿದ್ದಕ್ಕೆ ಡಾಕ್ಟರ್ ಉತ್ತಯ್ಯ ಸಮಾಧಾನವಾಗಿಯೇ ಹೇಳಿದರು: "ಇಲ್ಲ ಅಂತ ಬರೆದ್ರೆ ಜನ ಗಲಾಟೆ ಮಾಡ್ತಾರೆ ನೋಡಮ್ಮ. ಮದ್ದು ಬೇಕು ಅಂತ ಇಂಡೆಂಟ್ ಕಳಿಸಿದೀವಿ. ಇವತ್ತಲ್ಲ ನಾಳೆ ಬರ್ತದೆ."

ಅವಳು ಕಿಟಕಿಗೆ ಬಂದಳು. "ಅಕ್ಷರ ಬರ್ಕೊಟ್ಟಿದ್ದು ನೀವೇ ಅಲ್ವಾ?"

ಕೀರ್ತಿಕುಮಾರ್ ಹೌದೆಂದು ತಲೆಯಾಡಿಸಿದ.

"ಈಗ ಒಳಗೆ ಮದ್ದು ಇದೆಯಾ?"

ಅವನು ಮುಂದಿದ್ದ ರಿಜಿಸ್ಟರ್ ಮುಚ್ಚಿದ.

"ಬಿಡಿ. ಇನ್ನೊಂದು ಕೇಳ್ತೆ. ವಾರ ವಾರ ಒಂದೇ ಪ್ಯಾಂಟ್ ಯಾಕೆ ತರ್ತೀರಿ?"

"ಯಾಕೆ ಅನ್ನೋ ಪ್ರಶ್ನೆ..." ಎಂದು ಅವನು ತಮಾಷೆಗೆ ಶುರುಮಾಡಿದ. ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

"ಗೊತ್ತು ಸಾರ್. ವ್ಯಾಪ್ತಿಗೆ ಬರುದಿಲ್ಲ." ಅವಳು ಅಂಗಡಿಯಿಂದ ಪ್ಯಾಂಟ್ ತಂದು ಕಿಟಕಿಯ ಒಳಗೆ ತುರುಕಿದಳು, ಹೊಲಿಗೆ ಬಿಚ್ಚಿದ್ದು ಬಿಚ್ಚಿದ ಹಾಗೇ.

ಆಮೇಲೆ ಅವಳು ರಸ್ತೆಯ ಕಡೆ ಬೆನ್ನು ಮಾಡಿ ಮೆಷಿನ್ ತಿರುಗಿಸಿ ಇಟ್ಟುಕೊಂಡಳು. ಗೋಡೆ ನೋಡುತ್ತಾ ಹೊಲಿದಳು. ಬ್ಲೌಸಿನ ತೋಳು ಉಲ್ಟಾ ಕೂರಿಸಿ ಬೋಜಮ್ಮನಿಂದ ಬೈಸಿಕೊಂಡಳು. ಬೋರ್ಡಿನ ಮೇಲೆ ಸಿಟ್ಟು, ಅವನ ಮೇಲೆ ಸಿಟ್ಟು. ಇಷ್ಟಾದರೂ ಕಿಟಕಿ ತೆರೆದ ಸದ್ದಿಗೆ ಕಿವಿ ಕೊಡುತ್ತಿದ್ದ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು ಬಂದವಳು ಗೇಟಿನ ಮುಂದೆ ನಿಂತುಬಿಟ್ಟಳು. ಹಸಿರು ಬೋರ್ಡ್ ಕಪ್ಪಾಗಿತ್ತು. ಯಾರೋ ಕಪ್ಪು ಪೇಂಟ್ ಬಳಿದು, ಅದರ ಮೇಲೆ ಚಾಕಿನಲ್ಲಿ ಬರೆದಿದ್ದರು.

'ಹಾವಿನ ಮದ್ದ್ ಇಲ್ಲೆ. ಮಡಿಕೇರಿಲಿ ಉಟ್ಟೂ. ಸೀದಾ ಹೋಗಿ.'

ಕೆಳಗೆ ಅದನ್ನೇ ಮಲಯಾಳದಲ್ಲೂ ಬರೆದಿತ್ತು, ಎದುರಿನ ಹೋಟೆಲಿನವರ ಕೈಬರಹ. 'ಉಟ್ಟು' ಎಂಬುದಕ್ಕೆ ದೀರ್ಘ ಹಾಕಿದವನು ಅರೆಭಾಷೆಯವನಲ್ಲ. ಅಕ್ಷರಗಳ ಬಣ್ಣ ನೀಲಿ. ಶಾಲೆಯ ಚಾಕ್ ಅಲ್ಲ, ಬಟ್ಟೆಯ ಮೇಲೆ ಗೆರೆ ಎಳೆಯುವ ಚಪ್ಪಟೆ ಚಾಕ್. ಕಳೆದುಹೋಯಿತು ಎಂದುಕೊಂಡಿದ್ದ ಅವಳದೇ ಚಾಕ್. ಮೋಕ್ಷಿತಾಳ ಕಣ್ಣು ತುಂಬಿಕೊಂಡಿತು. 'ಇಲ್ಲೆ', ಅಂದರೆ 'ಇಲ್ಲ', ಎಂಬ ಮಾತನ್ನು ಓದಿ ಇಷ್ಟು ಸಂತೋಷಪಟ್ಟವರು ಈ ಊರಿನಲ್ಲಿ ಬೇರೆ ಯಾರೂ ಇರಲಾರರು.

ಮಧ್ಯಾಹ್ನ ಎಸ್ಟೇಟ್ ಜೀಪೊಂದು ಹಾರ್ನ್ ಹೊಡೆಯುತ್ತಾ ಬಂತು. ಹಿಂದಿನ ಸೀಟಿನಲ್ಲಿ ಕೂಲಿಗಳ ಲೈನ್‌ಮನೆಯ ಕೆಂಚ ಒರಗಿದ್ದ, ಹಾವು ಕಚ್ಚಿದ ಅವನ ಕಾಲನ್ನು ಹೆಂಡತಿ ಸಣ್ಣಿ ತೊಡೆಯ ಮೇಲಿಟ್ಟುಕೊಂಡು ಹಿಡಿದಿದ್ದಳು. ಜೀಪು ಗೇಟಿಗೆ ತಿರುಗಲು ನಿಧಾನಿಸಿತು. ಡ್ರೈವರ್ ಕತ್ತು ಚಾಚಿ ಬೋರ್ಡ್ ಓದಿದ. ಎಂಜಿನ್ ನಿಲ್ಲಿಸಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಸ್ಟೇರಿಂಗ್ ತಿರುಗಿಸಿ ಮಡಿಕೇರಿ ರಸ್ತೆ ಹಿಡಿದ. ಮೋಕ್ಷಿತಾ ಕತ್ತರಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಎದುರು ಕಿಟಕಿಯಲ್ಲಿ ಕೀರ್ತಿಕುಮಾರ್ ನಿಂತಿದ್ದ. ಇಬ್ಬರೂ ಜೀಪು ಮರೆಯಾಗುವವರೆಗೆ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

ಸಂಜೆಗೆ ಸಣ್ಣಿಯ ಫೋನ್ ಬಂತು. ಸಮಯಕ್ಕೆ ಮುಟ್ಟಿದರಂತೆ, ಮದ್ದು ಕೊಟ್ಟರಂತೆ, ಕೆಂಚ ಕಾಲು ಆಡಿಸುತ್ತಿದ್ದಾನಂತೆ.

ಫೋನ್ ಇಡುವಾಗ ಅವನು ಅಂಗಡಿಯ ಮೆಟ್ಟಿಲಲ್ಲಿದ್ದ. ಒಂದು ಕೈಯಲ್ಲಿ ಬೂದು ಪ್ಯಾಂಟ್, ಇನ್ನೊಂದರಲ್ಲಿ ಕಾಗದ.

"ಎಂತ ಅದು?"

"ನೋಟಿಸ್. ಸರ್ಕಾರಿ ಬೋರ್ಡ್ ಕೆಡಿಸಿದ್ದು ಯಾಕೆ ಅಂತ ಕೇಳಿದಾರೆ."

"ಓಹೋ. ಅವರು ಯಾಕೆ ಅಂತ ಕೇಳ್ಬಹುದು, ನಾವು ಮಾತ್ರ ಕೇಳ್ಬಾರದು." ಅವಳು ಕಾಗದ ಕಸಿದುಕೊಂಡು ಓದಿದಳು. "ಎಂತ ಆಗ್ತದೆ ನಿಮ್ಗೆ?"

"ಎಲ್ಲಿಗಾದ್ರೂ ಎತ್ತಿ ಹಾಕ್ತಾರೆ. ಇವತ್ತಲ್ಲ ನಾಳೆ."

ಅಷ್ಟು ಹೊತ್ತಿಗೆ ಅವಳ ಎದೆಯೊಳಗಿದ್ದ ಕೋಪವೆಲ್ಲ ದುಃಖವಾಯಿತು. ಒಬ್ಬ ನಿಜ ಬರೆದ, ಅವನನ್ನೇ ಊರು ಬಿಡಿಸುತ್ತಾರೆ. ಪ್ಯಾಂಟ್ ಇಸಿದುಕೊಂಡು ಮೇಜಿನ ಮೇಲೆ ಹರಡಿದಳು. ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ಹಲ್ಲು ಕಚ್ಚಿ ನುಂಗಿದಳು.

"ಏನೂ ಕೇಳಲ್ವಾ?" ಎಂದ ಅವನು.

"ಇಲ್ಲ. ಕೇಳಿ ಕೇಳಿ ಸಾಕಾಗಿದೆ. ಕೇಳದೇ ಹೇಳಬೇಕಾದ್ದು ಕೆಲವು ಇರ್ತವೆ, ಕಾನೂನೇ ಹಾಗೆ ಹೇಳಿದೆ."

ಅವನು ಜೇಬಿನಿಂದ ಸವೆದ ನೀಲಿ ಚಾಕ್ ತೆಗೆದು ಅವಳ ಮುಂದೆ ಇಟ್ಟ. ಅವನ ಬೆರಳೆಲ್ಲ ನೀಲಿಯಾಗಿತ್ತು. ಹೊರಗೆ ವಿರಾಜಪೇಟೆ ಬಸ್ಸು ಬಂದು ನಿಂತು ಹೋಯಿತು.

"ಉಟ್ಟು," ಎಂದ ಕೊನೆಗೆ.

"ಎಂತ ಉಟ್ಟು? ಸೀರೆಯಾ?"

"ಪ್ರೀತಿ." ಎಡಗೆನ್ನೆಯಲ್ಲಿ ಗುಳಿ ಬಿತ್ತು, ಕಿವಿ ಮೊದಲ ದಿನದ ಹಾಗೆ ಕೆಂಪಾಯಿತು. "ನಿಮ್ಮ ಮೇಲೆ. ಪ್ಯಾಂಟಿನ ಹೆಸರಲ್ಲಿ ಇಟ್ಟಿದ್ದೆ, ನಿಮಗೆ ಸಿಗಲಿಲ್ಲ. ಬರವಣಿಗೆಯಲ್ಲಿ ಕೊಡ್ಲಾ?"

"ಬೊತ್ತು," ಎಂದಳು ಮೋಕ್ಷಿತಾ, ಬೇಡ ಎಂದು ತಲೆಯಾಡಿಸುತ್ತಾ, ಅಳುತ್ತಾ ನಗುತ್ತಾ. "ನೀವ್ ಬರೆದ್ರೆ ನಂಗೆ ಒಂದೂ ಅರ್ಥ ಆಗುದಿಲ್ಲ."

ಅವಳು ಚಾಕನ್ನು ಎರಡು ತುಂಡು ಮಾಡಿದಳು. ಒಂದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು, ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಇನ್ನೊಂದನ್ನು ತನ್ನ ಡ್ರಾಯರಿನಲ್ಲಿಟ್ಟಳು. ಅವನನ್ನು ಎತ್ತಿ ಹಾಕಿದ ಮೇಲೂ ಆ ಬೋರ್ಡಿಗೆ ಬರೆಯುವವರು ಬೇಕಲ್ಲ.

"ಬೆಳಿಗ್ಗೆ ಮಂಜಿಗೆ ಎಲ್ಲ ಅಳಿಸಿ ಹೋಗಿರ್ತದೆ," ಎಂದಳು. "ಮೊದಲ ಬಸ್ ಬರುವ ಮುಂಚೆ ಬಾ. ಉಟ್ಟು ಅಂತ ಬರೆಯುದು ಹೇಗೆ ಅಂತ ಹೇಳಿಕೊಡ್ತೆ."