ಹಳದಿ ಸ್ವೆಟರಿನ ಹುಡುಗಿ ಕಾಣೆಯಾಗಿದ್ದಾಳೆ

ತಾತ ಮೂರನೆಯ ಸಲ ಏಣಿ ಹತ್ತಿದಾಗ ಅವರ ಹೆಗಲ ಮೇಲೆ ವಯರಿನ ಸುರುಳಿಯಿತ್ತು. ಹಲ್ಲುಗಳ ನಡುವೆ ಇಕ್ಕುಳವಿತ್ತು. ಬೆನ್ನಿಗೆ ಕಟ್ಟಿಕೊಂಡ ಮೈಕಿನ ದೊಡ್ಡ ಹಾರ್ನು ಬೀಸುವ ಗಾಳಿಗೆ ತಾನೇ ತಾನಾಗಿ ಹೂಂಗುಟ್ಟುತ್ತಿತ್ತು.

"ಆಮೇಲೆ?" ಎಂದಳು ಗುಬ್ಬಿ, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ.

ತಾತನಿಗೆ ಈಗ ದನಿಯಿಲ್ಲ. ಗುಬ್ಬಿ ತೊಟ್ಟಿಲಲ್ಲಿದ್ದಾಗ ಅವರ ಗಂಟಲಿಗೆ ಆಪರೇಷನ್ ಆಯಿತು. ಉಳಿದದ್ದು ಒಣಗಿದ ಎಲೆ ನೆಲದ ಮೇಲೆ ಸರಿದಂಥ ಪಿಸುಮಾತು. ಆ ಪಿಸುಮಾತಿನಲ್ಲೇ ಅವರು ಈ ಕತೆಯನ್ನು ಹೇಳುತ್ತಿದ್ದರು. ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಹಾರ್ನು ಕಟ್ಟುವುದು ಆಗದ ಹೋಗದ ಕೆಲಸವೆಂದು ಊರ ಕಚೇರಿಯ ಸದಸ್ಯರೆಲ್ಲ ಕೈಚೆಲ್ಲಿದ್ದರಂತೆ. ಮೊದಲ ಸಲ ಗಾಳಿ ತಾತನನ್ನು ಅರ್ಧದಿಂದಲೇ ಇಳಿಸಿತು. ಎರಡನೆಯ ಸಲ ಏಣಿಯ ಮೆಟ್ಟಿಲು ಕಿತ್ತುಬಂದು ಕಾಲು ಉಳುಕಿತು. ಮೂರನೆಯ ಸಲ ಅವರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತುದಿ ಮುಟ್ಟಿದರು. ಅಲ್ಲಿಂದ ಆಡಿದ ಮಾತು ಊರಿನ ಓಣಿಗಳಿಗೆ ಮಾತ್ರವಲ್ಲ, ಆಚೆಯ ಹುಲ್ಲುಗಾವಲಿನ ಕೊನೆಯವರೆಗೂ ಕೇಳಿಸುವಂತಾಯಿತು.

ಮೊದಲ ಸುದ್ದಿ, "ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ" ಎಂಬುದಾಗಿತ್ತು. ಅದಕ್ಕೂ ಊರೆಲ್ಲ ಚಪ್ಪಾಳೆ ತಟ್ಟಿತಂತೆ.

"ಅದನ್ನ ಹಾರ್ನಲ್ಲಿ ಹೇಳಿದ್ದು ಯಾರು ತಾತ?"

ಎಂದಿನಂತೆ ತಾತ ಅಲ್ಲಿಗೇ ಕತೆ ನಿಲ್ಲಿಸಿದರು. ಎದ್ದು ಹೋಗಿ, ಮಂಚದ ಕೆಳಗಿನ ಟ್ರಂಕನ್ನು ಎಳೆದು, ಒಂದು ಹಳದಿ ಸ್ವೆಟರ್ ತೆಗೆದರು. ಚಳಿ ಶುರುವಾಗಿದೆ, ಹಾಕಿಕೋ ಎಂದು ಸನ್ನೆ ಮಾಡಿದರು. ಅದರ ಗುಂಡಿಗಳೆಲ್ಲ ಕಂದು. ಎಲ್ಲಕ್ಕಿಂತ ಮೇಲಿನದೊಂದು ಮಾತ್ರ ಕಪ್ಪು. ಯಾರದೆಂದು ಕೇಳುವಷ್ಟು ಪುರುಸೊತ್ತು ಗುಬ್ಬಿಗಿರಲಿಲ್ಲ. ಅವಳು ಟ್ಯಾಂಕಿನ ಕೆಳಗಿನ ಮೈದಾನಕ್ಕೆ ಓಡಿದಳು.

ಊರು ಬೆಳೆಯುತ್ತ ಬೆಳೆಯುತ್ತ ಪಟ್ಟಣದ ಸೆರಗು ಹಿಡಿದಿತ್ತು. ಹಳೆಯ ಮನೆಗಳು ಕಚೇರಿಯ ಸುತ್ತ ಉಳಿದವು. ಹೊಸ ಮನೆಗಳು ಟ್ಯಾಂಕಿನ ಆಚೆ, ಹಿಂದಿನ ಹುಲ್ಲುಗಾವಲಿನಲ್ಲಿ ಎದ್ದವು. ಹೊಸಬರಿಗೆ ಹಳಬರ ಗುರುತಿರಲಿಲ್ಲ. ಈಗ ಕಚೇರಿಯ ಸುದ್ದಿಯೆಲ್ಲ ಮೊಬೈಲಿಗೆ ಬರುತ್ತಿತ್ತು. ಈ ವಾರದ ದೊಡ್ಡ ಸುದ್ದಿ ಊರ ಕ್ರೀಡಾಕೂಟ. ಗುಬ್ಬಿಯ ತಂಡ ರಿಲೇ ಓಟಕ್ಕೆ ಹೆಸರು ಕೊಟ್ಟಿತ್ತು. ಎಲ್ಲರೂ ಲೀಡರ್ ಎಂದು ಕರೆಯುವ ಡಾಕ್ಟರ ಮಗಳು ಮೊದಲು ಓಡಬೇಕು, ಗುಬ್ಬಿ ಕೊನೆಗಿಂತ ಮುಂಚೆ, ಕೊನೆಗೆ ಕಡ್ಡಿ. ಕಡ್ಡಿ ಎಲ್ಲರಿಗಿಂತ ಚಿಕ್ಕವಳು, ಆದರೆ ಓಟದಲ್ಲಿ ಬಿಟ್ಟ ಬಾಣ.

ಅಂದು ಹೊತ್ತು ಮುಳುಗುತ್ತಿತ್ತು. ನೆಲದಿಂದ ಮಂಜು ಏಳುತ್ತಿತ್ತು. ಗುಬ್ಬಿ ಬ್ಯಾಟನ್ ಹಿಡಿದು ಓಡಿಬರುತ್ತಿದ್ದಾಗ ತಲೆಯ ಮೇಲೆ ಎಲ್ಲೋ ಕಿರ್ರ್ ಎಂದಿತು. ಆಮೇಲೆ ಯಾರೋ ಉಸಿರೆಳೆದುಕೊಂಡರು.

"ಗಮನಿಸಿ. ಇದು ಊರ ಕಚೇರಿಯ ಸುದ್ದಿ. ಹುಡುಗಿಯೊಬ್ಬಳು ಕಾಣೆಯಾಗಿದ್ದಾಳೆ. ವಯಸ್ಸು ಹತ್ತು. ಹಳದಿ ಸ್ವೆಟರ್ ತೊಟ್ಟಿದ್ದಾಳೆ. ಗುಂಡಿಗಳು ಕಂದು, ಮೇಲಿನದೊಂದು ಕಪ್ಪು. ಗದ್ದದಲ್ಲಿ ಗುಳಿಯಿದೆ. ಕೊನೆಯ ಸಲ ಕಂಡದ್ದು ನೀರಿನ ಟ್ಯಾಂಕಿನ ಆಚೆ. ಕಂಡವರು ಕೂಡಲೇ..."

ಕತ್ತರಿಸಿದಂತೆ ದನಿ ನಿಂತಿತು.

ಎಲ್ಲರೂ ಹತ್ತು ವರ್ಷದ ಗುಬ್ಬಿಯನ್ನು ನೋಡಿದರು. ಗುಬ್ಬಿ ತನ್ನ ಗುಂಡಿಗಳನ್ನು ನೋಡಿಕೊಂಡಳು. ಅವಳ ಕೈ ತಾನಾಗಿಯೇ ಗದ್ದಕ್ಕೆ ಹೋಯಿತು. ಅಲ್ಲಿ ಗುಳಿ ಇದ್ದೇ ಇತ್ತು. ಅವಳು ಬ್ಯಾಟನ್ ಚಾಚಿದಳು. ಕಡ್ಡಿ ಕೈ ಹಿಂದಕ್ಕೆಳೆದುಕೊಂಡಳು. ಬ್ಯಾಟನ್ ನೆಲಕ್ಕೆ ಬಿತ್ತು.

ಮರುದಿನ ಗುಬ್ಬಿ ಸ್ವೆಟರನ್ನು ಮನೆಯಲ್ಲೇ ಬಿಟ್ಟು ಬಂದಳು. ಆದರೆ ಗದ್ದದ ಗುಳಿಯನ್ನು ಎಲ್ಲಿ ಬಿಟ್ಟು ಬರುವುದು? ಹೊತ್ತು ಮುಳುಗಿದಾಗ ಅದೇ ಗಂಡಸಿನ ದನಿ, ಅದೇ ಮಾತು ಆಡಿತು, ಅದೇ "ಕೂಡಲೇ" ಎಂಬಲ್ಲಿ ಸತ್ತುಹೋಯಿತು.

ಬೆಳಗಾದೊಡನೆ ಹೊಸ ಮನೆಗಳವರು ಕಚೇರಿಗೆ ಫೋನ್ ಮಾಡಿದರು. ಕಚೇರಿಗೆ ಹೊಸದಾಗಿ ಬಂದಿದ್ದ ಕ್ಲರ್ಕ್ ಅಕ್ಕನಿಗೆ ನಗು ಬಂತಂತೆ. ಹಾರ್ನುಗಳನ್ನೆಲ್ಲ ಇಳಿಸಿ ಎಷ್ಟೋ ಕಾಲವಾಯಿತು, ಇಲ್ಲದ ಹಾರ್ನು ಮಾತಾಡುವುದು ಹೇಗೆ ಎಂದು ಅವರು ಕೇಳಿದರಂತೆ. ಸಂಜೆಗೆ ಎಲ್ಲರ ಮೊಬೈಲಿಗೂ ಸುದ್ದಿ ಬಂತು: ಊರಿನಲ್ಲಿ ಯಾವ ಮಗುವೂ ಕಾಣೆಯಾಗಿಲ್ಲ, ಗಾಳಿಮಾತು ನಂಬಬೇಡಿ.

"ಕಾಣೆಯಾಗಿಲ್ಲ ಅಂದ್ರೆ ಇನ್ನೂ ಆಗಿಲ್ಲ ಅಂತ," ಎಂದಳು ಲೀಡರ್. "ಅದು ನಿನ್ನನ್ನೇ ಕರೀತಿದೆ ಗುಬ್ಬಿ. ನಿನ್ ಪಕ್ಕ ನಿಂತವರನ್ನೂ ಕರ್ಕೊಂಡ್ ಹೋದ್ರೆ?"

ಕಡ್ಡಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅದರಿಂದಲೇ ಗುಬ್ಬಿಗೆ ಹೆಚ್ಚು ನೋವಾಯಿತು. ಬ್ಯಾಟನ್ ತೆಗೆದುಕೊಳ್ಳುವ ಕೈ ಇಲ್ಲದಿದ್ದರೆ ರಿಲೇಯಲ್ಲಿ ಎಷ್ಟು ಜೋರಾಗಿ ಓಡಿದರೇನು? ನಾಡಿದ್ದಿನೊಳಗೆ ಇದು ಮುಗಿಯದಿದ್ದರೆ ಬೇರೆ ಯಾರನ್ನಾದರೂ ಹಾಕಿಕೊಳ್ಳುವುದೆಂದು ತಂಡ ತೀರ್ಮಾನಿಸಿತು.

ಗುಬ್ಬಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಮ್ಮ ಬಸ್ ಕಂಡಕ್ಟರ್. ಸಂಜೆಯ ಪಾಳಿ ಮುಗಿಸಿ ಬರುವಷ್ಟರಲ್ಲಿ ಗುಬ್ಬಿಗೆ ಅರ್ಧ ನಿದ್ದೆ. ತಾತನ ಕಿವಿ ಮಂದ, ಮನೆಯೊಳಗೆ ಅವರಿಗೆ ಟ್ಯಾಂಕಿನ ದನಿ ಕೇಳಿಸಿರಲಿಲ್ಲ. ಅವರಿಗೆ ಹೇಳಿದರೆ ಮೈದಾನಕ್ಕೆ ಕಳಿಸುವುದಿಲ್ಲ ಎಂಬ ಅಂಜಿಕೆ. ಆದರೆ ಒಂದು ಮಾತು ಅವಳ ತಲೆಯಲ್ಲಿ ಹುಳದಂತೆ ಕೊರೆಯುತ್ತಿತ್ತು. ಆ ದನಿ 'ಊರ ಕಚೇರಿಯ ಸುದ್ದಿ' ಎಂದಿತಲ್ಲ. ಕಚೇರಿಯ ಸುದ್ದಿಯಾದರೆ ಅದು ಕಚೇರಿಯಿಂದಲೇ ಬರಬೇಕು.

ಮಾರನೆಯ ಸಂಜೆ ಅವಳು ಮೈದಾನಕ್ಕೆ ಹೋಗದೆ ಕಚೇರಿಗೆ ಹೋದಳು.

ಕ್ಲರ್ಕ್ ಅಕ್ಕ ಆಗಲೇ ಬಾಗಿಲಿಗೆ ಬೀಗ ಹಾಕಿ ಹೋಗಿದ್ದರು. ಅಂಗಳದಲ್ಲಿ ನರಪಿಳ್ಳೆಯೂ ಇರಲಿಲ್ಲ. ಹಿಂಬದಿಯ ಕೋಣೆಯಿಂದ ಕಾವಲುಗಾರರ ರೇಡಿಯೋ ಸಣ್ಣಗೆ ಕೇಳಿಸುತ್ತಿತ್ತು. ಗುಬ್ಬಿ ಕಿಟಕಿಯ ಸರಳು ಹಿಡಿದು ತುದಿಗಾಲಲ್ಲಿ ನಿಂತು ಒಳಗೆ ಇಣುಕಿದಳು.

ಕತ್ತಲ ಕೋಣೆ. ಮೇಜಿನ ಮೇಲೆ ಒಂದು ಕೆಂಪು ದೀಪ, ಚಿಕ್ಕದು, ಬೆಕ್ಕಿನ ಕಣ್ಣಿನಷ್ಟು. ಅದರ ಬೆಳಕಿನಲ್ಲಿ ಹಳೆಯ ಟೇಪ್ ರೆಕಾರ್ಡರ್ ಕಾಣಿಸಿತು. ಅದರೊಳಗಿನ ಕ್ಯಾಸೆಟ್ಟಿನ ಪುಟ್ಟ ಚಕ್ರಗಳು ತಿರುಗುತ್ತಿದ್ದವು. ಕೋಣೆಯಲ್ಲಿ ಯಾರೂ ಇರಲಿಲ್ಲ. ಸದ್ದೂ ಇರಲಿಲ್ಲ. ಚಕ್ರಗಳು ಮಾತ್ರ ಯಾರದೋ ಅಪ್ಪಣೆಯಾದಂತೆ ಮೆಲ್ಲಗೆ ತಿರುಗುತ್ತಲೇ ಇದ್ದವು.

ಆಗ ಅವಳ ಬೆನ್ನ ಹಿಂದೆ, ದೂರದಲ್ಲಿ, ಟ್ಯಾಂಕು ಮಾತಾಡಿತು.

"ಹುಡುಗಿಯೊಬ್ಬಳು ಕಾಣೆಯಾಗಿದ್ದಾಳೆ..."

ಗುಬ್ಬಿಗೆ ಓಡಿಹೋಗಬೇಕೆನಿಸಿತು. ಆದರೆ ಸರಳು ಹಿಡಿದ ಕೈ ಸಡಿಲವಾಗಲಿಲ್ಲ. "ಕಂಡವರು ಕೂಡಲೇ..." ಎನ್ನುತ್ತಿದ್ದಂತೆ ಹಿಂಬದಿಯಲ್ಲಿ ಟಪ್ ಎಂದಿತು. ಕೆಂಪು ದೀಪ ಆರಿತು. ಚಕ್ರಗಳು ನಿಂತವು. ಟ್ಯಾಂಕೂ ಮೂಕವಾಯಿತು.

ಟಾರ್ಚು ಹಿಡಿದು ಬಂದವರು ಕಾವಲುಗಾರರು. ಊರ ಮಕ್ಕಳು ಅವರನ್ನು ಸ್ವಿಚ್ಚಜ್ಜ ಎನ್ನುತ್ತಿದ್ದರು. ಎಲ್ಲೇ ದೀಪ ಉರಿಯುತ್ತಿದ್ದರೂ ಆರಿಸದೆ ಅವರಿಗೆ ಊಟ ಸೇರುತ್ತಿರಲಿಲ್ಲ. ದಿನವೂ ಹೊತ್ತು ಮುಳುಗಿದೊಡನೆ ಕಚೇರಿಯ ಮೇನ್ ಸ್ವಿಚ್ ಇಳಿಸುವುದು ಅವರ ವ್ರತ.

ಗುಬ್ಬಿ ತೊದಲುತ್ತ ತೊದಲುತ್ತ ಎಲ್ಲವನ್ನೂ ಹೇಳಿದಳು. ಸ್ವಿಚ್ ಮತ್ತೆ ಹಾಕಿ ಎಂದು ಬೇಡಿಕೊಂಡಳು.

"ಹಾಕಮ್ಮ, ತೆಗಿಯಮ್ಮ! ಕರೆಂಟೇನು ಬಾವೀಲಿ ಸೇದಿ ತರ್ತೀವಾ?" ಎಂದು ಅವರು ಗೊಣಗಿದರು. ಗೊಣಗುತ್ತಲೇ ಹೋಗಿ ಸ್ವಿಚ್ ಎತ್ತಿದರು.

ಚಕ್ರಗಳು ನಿಂತಲ್ಲಿಂದಲೇ ಮುಂದೆ ತಿರುಗಿದವು. ಇಷ್ಟು ದಿನ ಯಾರೂ ಕೇಳದ ಮಾತು ಟ್ಯಾಂಕಿನಿಂದ ಬಂತು.

"...ಕಚೇರಿಗೆ ತಿಳಿಸಿ."

ಇಷ್ಟು ದಿನ ರೇಡಿಯೋ ಸದ್ದಿನಲ್ಲಿ ಇದನ್ನು ಕೇಳಿಸಿಕೊಳ್ಳದಿದ್ದ ಸ್ವಿಚ್ಚಜ್ಜ ಅಂಗಳದಲ್ಲಿ ನಿಂತುಬಿಟ್ಟರು. ತಲೆಯ ಮೇಲಿನ ಟೋಪಿ ತೆಗೆದರು.

"ಅಯ್ಯೋ ಮಗಳೇ," ಎಂದರು ಮೆಲ್ಲಗೆ, "ಇದು ನಿಮ್ ತಾತನ ಗಂಟಲಲ್ವಾ?"

ಗುಬ್ಬಿಗೆ ತಾತನ ಗಂಟಲು ಹೇಗಿತ್ತೆಂದು ಗೊತ್ತೇ ಇರಲಿಲ್ಲ. ಅಷ್ಟು ದಪ್ಪ, ಅಷ್ಟು ಸ್ಪಷ್ಟ ದನಿ ಆ ಸಣಕಲು ಎದೆಯಲ್ಲಿ ಎಂದಾದರೂ ಇದ್ದಿತೇ? ಅಷ್ಟರಲ್ಲಿ ದನಿ ಬದಲಾಯಿತು. ಸುದ್ದಿ ಓದುವವರ ದನಿ ಹೋಗಿ ಮನೆಯವರ ದನಿ ಬಂತು.

"ಮಗಳೇ, ನಿನಗೆ ಕೇಳಿಸ್ತಿದ್ರೆ ಹೆದರಬೇಡ. ಈ ಮಂಜಲ್ಲಿ ದಾರಿ ಕಾಣಲ್ಲ. ಕಣ್ಣು ಬೇಡ, ಕಿವಿ ಸಾಕು. ಈ ದನಿ ಬರೋ ಕಡೆಗೇ ನಡ್ಕೊಂಡ್ ಬಾ. ನೀನು ಬರೋ ತನಕ ನಾನು ಮಾತು ನಿಲ್ಲಿಸಲ್ಲ."

ನಿಲ್ಲಿಸಲೂ ಇಲ್ಲ. ನೀರು ಬಿಡುವ ಸಮಯ ಓದಿದರು. ಸಭಾಭವನದ ಚಾವಣಿ ರಿಪೇರಿಯ ಸುದ್ದಿ ಓದಿದರು. ಮನೆ ತೆರಿಗೆ, ಬೀದಿನಾಯಿ, ಯಾರೋ ಬಿಟ್ಟುಹೋದ ಕೊಡೆ, ಒಂದೂ ಬಿಡಲಿಲ್ಲ. ಸುದ್ದಿ ತೀರಿತು. ಮತ್ತೆ ಮೊದಲಿನಿಂದ ಓದಿದರು. ಅದೂ ತೀರಿದಾಗ ಮಗ್ಗಿ ಶುರು ಮಾಡಿದರು. ದನಿ ಒಡೆಯಿತು, ಕೆಮ್ಮಿದರು, ನೀರು ಗುಟುಕರಿಸಿದರು, ಮತ್ತೆ ಹಿಡಿದರು. ಹದಿನೇಳರ ಮಗ್ಗಿಯಲ್ಲಿ ಎಡವಿದರು. ಹದಿನೇಳೇಳಲಿ ನೂರ ಹದಿನೆಂಟು ಎಂದುಬಿಟ್ಟರು.

ಸ್ವಿಚ್ಚಜ್ಜ ಮೆಟ್ಟಿಲ ಮೇಲೆ ಕುಳಿತು ನೆನಪು ಮಾಡಿಕೊಂಡರು. ಹಿಂದೊಮ್ಮೆ ಯಾರೋ 'ನಮಗೆ ತಿಳಿಸಲೇ ಇಲ್ಲ' ಎಂದು ಸಭೆಯಲ್ಲಿ ರಂಪ ಮಾಡಿದರಂತೆ. ಅಂದಿನಿಂದ ಹಾರ್ನಿನಲ್ಲಿ ಆಡಿದ ಪ್ರತಿ ಮಾತೂ ಟೇಪ್ ಆಗಬೇಕೆಂದು ಅಧ್ಯಕ್ಷರ ಅಪ್ಪಣೆಯಾಯಿತಂತೆ. ಆ ಟೇಪುಗಳನ್ನು ಕ್ಲರ್ಕ್ ಅಕ್ಕ ಈಗ ಕಂಪ್ಯೂಟರಿಗೆ ಇಳಿಸುತ್ತಿದ್ದರು. ದಿನವೂ ಸಂಜೆ ಅದೇ ಹೊತ್ತಿಗೆ ಹಚ್ಚಿಟ್ಟು ಹೋಗುತ್ತಿದ್ದರು; ಟೇಪಿನ ಮೊದಲ ಭಾಗ ಖಾಲಿ, ದನಿ ಬರುವಷ್ಟರಲ್ಲಿ ಅವರು ಊರು ದಾಟಿರುತ್ತಿದ್ದರು. ಬೆಳಿಗ್ಗೆ ನೋಡಿದರೆ ಕೆಲಸ ಅರ್ಧಕ್ಕೇ ನಿಂತಿರುತ್ತಿತ್ತು. ಮಷಿನ್ ಕೆಟ್ಟಿದೆ ಎಂದುಕೊಂಡು ಮತ್ತೆ ಮೊದಲಿನಿಂದ ಹಚ್ಚುತ್ತಿದ್ದರು. ಟ್ಯಾಂಕಿನ ನೆತ್ತಿಯ ಹಾರ್ನನ್ನು ಇಳಿಸಲು ಹತ್ತುವವರು ಯಾರೂ ಸಿಕ್ಕಿರಲಿಲ್ಲವೆಂಬುದಾಗಲಿ, ಆ ಟೇಪ್ ರೆಕಾರ್ಡರಿನ ವಯರು ಇನ್ನೂ ಅದಕ್ಕೇ ಸೇರಿತ್ತೆಂಬುದಾಗಲಿ ಅವರಿಗೆ ಗೊತ್ತಿರಲಿಲ್ಲ.

ದನಿ ಈಗ ಕೀರಲಾಗಿತ್ತು. ಹದಿನೆಂಟರ ಮಗ್ಗಿ ನಡೆಯುತ್ತಿತ್ತು. ತಟ್ಟನೆ ಬಾಗಿಲು ಬಡಿದ ಸದ್ದು. ಕುರ್ಚಿ ಉರುಳಿದ ಸದ್ದು. ಮೈಕಿನಿಂದ ದೂರದಲ್ಲಿ ಚಳಿಗೆ ಹಲ್ಲು ಕಟಕಟಿಸುವ ಒಂದು ಪುಟ್ಟ ದನಿ:

"ಅಪ್ಪಾ, ಹದಿನೇಳೇಳಲಿ ನೂರ ಹತ್ತೊಂಬತ್ತು."

ಆಮೇಲೆ ಟೇಪಿನ ಬರಿಯ ಸುರ್ರ್ ಸದ್ದು.

ಗುಬ್ಬಿ ಉಸಿರು ಬಿಟ್ಟಳು. ಮನೆಗೆ ಬಂದ ಕೂಡಲೇ ಇಂಥ ತಪ್ಪು ಹುಡುಕುವ ಮನುಷ್ಯರು ಇಡೀ ಊರಿನಲ್ಲಿ ಒಬ್ಬರೇ. ಅವರು ಆ ಹೊತ್ತಿನಲ್ಲಿ ಯಾವುದೋ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದರು.

ಮರುದಿನ ಅಮ್ಮ ಸಂಜೆಯ ಪಾಳಿಗೆ ಹೋಗಲಿಲ್ಲ. ಕ್ಲರ್ಕ್ ಅಕ್ಕ ಅಧ್ಯಕ್ಷರನ್ನು ಕೇಳಿ, ಬೇಕೆಂದೇ ಟೇಪ್ ಹಾಕಿದರು. ಸ್ವಿಚ್ಚಜ್ಜ ಮೇನ್ ಸ್ವಿಚ್ಚಿನ ಮುಂದೆ, ತಮ್ಮ ಕೈಯ ಮೇಲೆ ತಮಗೇ ನಂಬಿಕೆಯಿಲ್ಲದವರಂತೆ, ಕೈ ಕಟ್ಟಿ ನಿಂತರು. ಮೈದಾನದ ಬೆಂಚಿನ ಮೇಲೆ ತಾತ, ಅವರ ಪಕ್ಕದಲ್ಲಿ ಅಮ್ಮ. ಹೊಸ ಮನೆಗಳವರು ಬಾಲ್ಕನಿಗೆ ಬಂದರು. ಮಂಜು ಅಂದಿನಂತೆಯೇ ಕವಿಯುತ್ತಿತ್ತು. ಗುಬ್ಬಿ ಹಳದಿ ಸ್ವೆಟರ್ ತೊಟ್ಟು, ಬ್ಯಾಟನ್ ಹಿಡಿದು ನಿಂತಿದ್ದಳು.

ಟ್ಯಾಂಕು ಮಾತಾಡಿತು. ಈ ಸಲ ಯಾವ ಮಾತೂ ಅರ್ಧಕ್ಕೆ ನಿಲ್ಲಲಿಲ್ಲ.

ಗುಬ್ಬಿ ಮೇಲೆ ನೋಡಲಿಲ್ಲ. ತಾತನನ್ನು ನೋಡಿದಳು. ತಾತನ ತುಟಿಗಳು ಆ ದನಿಯೊಂದಿಗೆ ಅಲುಗುತ್ತಿದ್ದವು. ನೀರು ಬಿಡುವ ಸಮಯ, ಚಾವಣಿ ರಿಪೇರಿ, ಕೊಡೆ, ಎಲ್ಲವೂ ಅವರಿಗೆ ಬಾಯಿಪಾಠ. ಗಂಟಲಿನಿಂದ ಮಾತ್ರ ಏನೂ ಹೊರಡುತ್ತಿರಲಿಲ್ಲ. ತಾತ ಕತೆಯನ್ನು ಯಾವಾಗಲೂ ಹಾರ್ನು ಕಟ್ಟಿದಲ್ಲಿಗೇ ಏಕೆ ನಿಲ್ಲಿಸುತ್ತಿದ್ದರೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಅವಳು ಹೋಗಿ ಅವರ ಮೊಣಕಾಲಿಗೆ ಆತು ನಿಂತಳು.

ಹದಿನೇಳರ ಮಗ್ಗಿ ಬಂದಾಗ ಬಾಲ್ಕನಿಗಳಲ್ಲಿ ಯಾರೋ ನಕ್ಕರು. ಅಮ್ಮ ನಗಲಿಲ್ಲ. ತಾತನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

ಪುಟ್ಟ ದನಿ ಅಪ್ಪಾ ಎಂದಿತು. ಕೊನೆಯ ಸುರ್ರ್ ಸದ್ದೂ ಅಡಗಿತು. ಮಂಜಿನಲ್ಲಿ ಯಾರೋ ಗುಬ್ಬಿಯ ಕೈಯಿಂದ ಬ್ಯಾಟನ್ ತೆಗೆದುಕೊಂಡರು. ತಿರುಗಿ ನೋಡಿದರೆ ಕಡ್ಡಿ. ಒಂದು ಕೈಯಲ್ಲಿ ಬ್ಯಾಟನ್, ಇನ್ನೊಂದರಲ್ಲಿ ಗುಬ್ಬಿಯ ಸ್ವೆಟರಿನ ತೋಳು.

ಕಡ್ಡಿ ಕತ್ತೆತ್ತಿ ಟ್ಯಾಂಕಿನ ಕಡೆ ನೋಡಿದಳು. ಆಮೇಲೆ ಬೆಂಚಿನ ಕಡೆ ನೋಡಿದಳು.

"ತಾತಾ," ಎಂದಳು, "ಇನ್ನೊಂದ್ ಸಲ ಹಾಕಿಸ್ತೀರಾ?"