ನಲವತ್ತೊಂದು ಮನೆಗಳ ಹೆಬ್ಬೆಟ್ಟು

ಕೋರಿಶೆಟ್ಟರ ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೆತ್ತರದ ಪೆಟ್ಟಿಗೆಯೊಂದು ಬೆಳಗಿನ ಕಸವನ್ನು ಅರಗಿಸಿಕೊಳ್ಳುತ್ತಿತ್ತು. ಬಾಳೆಹಣ್ಣಿನ ಸಿಪ್ಪೆ, ಹಾಲಿನ ಪಾಕೀಟು, ಒಡೆದ ಬಲ್ಬು, ಮೊಮ್ಮಗಳ ಡೈಪರು, ಎಲ್ಲವನ್ನೂ ಒಟ್ಟಿಗೇ ಸುರಿದರಾಯಿತು. ಬೇರ್ಪಡಿಸುವ ಕೆಲಸ ಅದರದ್ದು. ಹಸಿ ಕಸವನ್ನು ಸೂಕ್ಷ್ಮಾಣುಗಳು ನಾಲ್ಕು ತಾಸಿನಲ್ಲಿ ಗೊಬ್ಬರ ಮಾಡುತ್ತಿದ್ದವು. ಪ್ಲಾಸ್ಟಿಕ್ಕಿನ ಕಟ್ಟು ಬಿಡಿಸಲು ಕಿಣ್ವಗಳೆಂಬ ಪ್ರೋಟೀನುಗಳಿದ್ದವು. ಅವು ಪಾಕೀಟನ್ನು ಕರಗಿಸಿ ಬಿಳಿ ಹರಳಾಗಿ ಉದುರಿಸುತ್ತಿದ್ದವು. ಗಾಜು, ಲೋಹ ತಂತಮ್ಮ ಡಬ್ಬಿಗೆ ಬೀಳುತ್ತಿದ್ದವು. ಯಂತ್ರದ ಹೆಸರು ‘ಒಡಲು’. ಇಸವಿ 2063. ಮಲಪ್ರಭೆಯ ಸೀಮೆಯ ಆ ಊರಿನ ಶರಣ ಕಾಲನಿಯಲ್ಲಿ ಒಡಲಿಲ್ಲದ ಮನೆಯೇ ಇರಲಿಲ್ಲ.

ಯಾವ ಒಡಲಾದರೂ ಎಲ್ಲವನ್ನೂ ಅರಗಿಸುವುದಿಲ್ಲ. ತಳದ ತಟ್ಟೆಯಲ್ಲಿ ಕಪ್ಪು ಗಸಿ ಉಳಿಯುತ್ತಿತ್ತು. ಎಂಟು ದಿನಕ್ಕೊಮ್ಮೆ ತಟ್ಟೆ ಎಳೆದು, ಗಸಿ ಸುರಿದು, ಜಾಲರಿಯನ್ನು ಬರಿಗೈಯಲ್ಲಿ ಉಜ್ಜಿ ತೊಳೆಯಬೇಕು. ಪ್ಲಾಸ್ಟಿಕ್ಕನ್ನೇ ಕರಗಿಸುವ ಗಸಿಗೆ ಕೈಗವಸು, ಬ್ರಷ್ಷು ಯಾವ ಲೆಕ್ಕ? ವಾರಕ್ಕೆ ಹತ್ತು ನಿಮಿಷ ಮುಟ್ಟಿದರೆ ಚರ್ಮಕ್ಕೇನೂ ಆಗದು ಎಂಬುದನ್ನು ಯಂತ್ರ ಕಂಡುಹಿಡಿದ ಡಾ. ಪ್ರಬುದ್ಧಾ ತನ್ನ ಕೈಯ ಮೇಲೇ ಪರೀಕ್ಷಿಸಿ ನೋಡಿದ್ದಳು.

ಆ ತಟ್ಟೆಗೆ ಬೀಗ ಇಟ್ಟವಳೂ ಅವಳೇ. ಮನೆಯವರ ಹೆಬ್ಬೆಟ್ಟು ಒತ್ತಿದರೆ ಮಾತ್ರ ಅದು ತೆರೆಯುತ್ತಿತ್ತು. ಯಂತ್ರ ಕೂರಿಸುವ ದಿನವೇ ಪ್ರತಿಯೊಬ್ಬರ ಹೆಬ್ಬೆಟ್ಟು, ಹೆಸರು, ಸಂಬಂಧ ನಮೂದಾಗಬೇಕು. ಪ್ರಬುದ್ಧಾಳ ಅಜ್ಜಿ, ಅಜ್ಜಿಯ ಅವ್ವ ಇದೇ ಊರಿನ ಗಟಾರ ಬಳಿದವರು. ತಮ್ಮ ಹೊಲಸನ್ನು ತಾವೇ ತೊಳೆಯಲಿ, ವಾರಕ್ಕೆ ಹತ್ತು ನಿಮಿಷವಾದರೂ ಊರು ಆ ಕೈಯ ರುಚಿ ನೋಡಲಿ ಎಂಬುದು ಅವಳ ಹಟವಾಗಿತ್ತು. ಕಸ ಹೊರುವ ಜಾತಿಯೇ ಇನ್ನಿಲ್ಲ ಎಂದು ಆಡಳಿತ ಸಮಾರಂಭ ಮಾಡಿತು. ಅದೇ ವಾರ ಪೌರಕಾರ್ಮಿಕರೆಲ್ಲರನ್ನೂ ಒಂದೇ ಆದೇಶದಲ್ಲಿ ಮನೆಗೆ ಕಳಿಸಿತು. ಅಂದು ವೇದಿಕೆಯ ಮೇಲೆ ಮಾಲೆ ಹಾಕಿಸಿಕೊಂಡವಳು ಪ್ರಬುದ್ಧಾ.

ಎರಡನೆಯ ವರ್ಷ ಶರಣ ಕಾಲನಿಯಿಂದ ದೂರುಗಳು ಬಂದವು. ತಟ್ಟೆ ತೆರೆಯುತ್ತಿಲ್ಲ. ಒಂದಲ್ಲ ಎರಡಲ್ಲ, ನಲವತ್ತೊಂದು ಮನೆ. ಪ್ರಬುದ್ಧಾ ಕಂಪನಿಯ ಮೆಕ್ಯಾನಿಕ್ಕನ್ನು ಕಳಿಸದೆ ತಾನೇ ಹೋದಳು. ಕೋರಿಶೆಟ್ಟರ ಮನೆಯೊಡತಿ ವಿದ್ಯಾಶ್ರೀ ಕುರ್ಚಿ ಒರೆಸಿ ಕೂರಿಸಿದರು, ಅವಲಕ್ಕಿ ತಂದಿಟ್ಟರು, ಇಷ್ಟು ಚಿಕ್ಕ ವಯಸ್ಸಿಗೆ ಎಂಥ ಬುದ್ಧಿ ಎಂದು ಹೊಗಳಿದರು. ಒಮ್ಮೆ ಹೆಬ್ಬೆಟ್ಟು ಒತ್ತಿ ತೋರಿಸಿ ಎಂದಾಗ ಮಾತ್ರ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ನಂದಲ್ರೀ ಅದು. ಆಕೀದು ಐತಿ. ತಡೀರಿ, ಬರೂ ಹೊತ್ತಾತು.”

“ಸೊಸೀದೇನ್ರಿ?”

“ಅಯ್ಯ, ಸೊಸಿ ಯಾಕ ಮುಟ್ಟತಾಳ್ರೀ ಅದನ್ನ.”

ಪ್ರಬುದ್ಧಾ ಕೈಯಲ್ಲಿದ್ದ ಫಲಕದಲ್ಲಿ ಆ ಮನೆಯ ದಾಖಲೆ ತೆರೆದಳು. ಮನೆಯವರು: ಒಬ್ಬರು. ಹೆಸರು: ಕಸದಾಕಿ. ಸಂಬಂಧ: ಮಗಳು. ಅದೇ ಹೆಬ್ಬೆಟ್ಟು ಬೇರೆಲ್ಲಾದರೂ ಇದೆಯೇ ಎಂದು ಹುಡುಕಿದಳು. ದೂರು ಕೊಟ್ಟ ನಲವತ್ತೊಂದು ಮನೆಗಳಲ್ಲೂ ಅದೇ ಇತ್ತು. ಒಂದು ಮನೆಗೆ ಅತ್ತೆ, ಇನ್ನೊಂದಕ್ಕೆ ಅಕ್ಕ, ಕಾಲನಿಯ ಸಂಘದ ಅಧ್ಯಕ್ಷರಿಗಂತೂ ಹೆತ್ತ ತಾಯಿ. ಹೆಸರಿನ ಜಾಗದಲ್ಲಿ ಎಲ್ಲೂ ಹೆಸರಿರಲಿಲ್ಲ.

ನಲವತ್ತೊಂದು ಮನೆಗಳ ಆ ಬಂಧು ಹಿತ್ತಿಲ ಬಾಗಿಲಿಂದ ಬಂದಳು. ಪ್ರಬುದ್ಧಾ ಎದ್ದು ನಿಂತಳು. ಬಂದವಳು ತನುಜಾ, ಪ್ರಬುದ್ಧಾಳ ಅವ್ವನ ಖಾಸಾ ತಂಗಿ. ಬೀದಿ ಗುಡಿಸುವ ಝಾಡಮಾಲಿ ಕೆಲಸ ಹೋದ ಮೇಲೆ ಹಾಸ್ಟೆಲೊಂದರಲ್ಲಿ ರೊಟ್ಟಿ ಬಡಿಯುತ್ತೇನೆಂದು ಮನೆಯವರಿಗೆ ಹೇಳಿಕೊಂಡು ಬಂದಿದ್ದಳು.

“ನಿಮಗ ಗುರುತೇನ್ರಿ ಈಕಿ?” ವಿದ್ಯಾಶ್ರೀ ಕೇಳಿದರು.

“ನಮ್ಮ ಚಿಗವ್ವ.”

ವಿದ್ಯಾಶ್ರೀಯವರ ಕಣ್ಣು ತಾವು ಒರೆಸಿ ಕೊಟ್ಟ ಕುರ್ಚಿಯ ಕಡೆ ಒಮ್ಮೆ ಹೋಗಿ ಬಂತು.

ಹಿತ್ತಿಲ ನಳದ ಬಳಿ ಪ್ರಬುದ್ಧಾ ಚಿಗವ್ವನ ಬಲಗೈ ಹಿಡಿದು ನೋಡಿದಳು. ಬೆರಳತುದಿಗಳು ತೊಳೆದ ಸಾಬೂನಿನ ಬಿಲ್ಲೆಯಂತೆ ನುಣ್ಣಗಿದ್ದವು. ಒಂದೂ ಗೆರೆಯಿರಲಿಲ್ಲ. ವಾರಕ್ಕೊಂದು ತಟ್ಟೆ ತೊಳೆದರೆ ಸವೆದ ಚರ್ಮ ಮತ್ತೆ ಬೆಳೆಯುತ್ತದೆ. ದಿನಕ್ಕೆ ಆರೇಳು ತೊಳೆದರೆ ಬೆಳೆಯಲು ಹೊತ್ತೆಲ್ಲಿದೆ? ತಟ್ಟೆ ತೆರೆಯದಿದ್ದುದು ಯಂತ್ರ ಕೆಟ್ಟಿದ್ದರಿಂದಲ್ಲ, ಓದಲು ಅಲ್ಲಿ ಹೆಬ್ಬೆಟ್ಟೇ ಉಳಿದಿರಲಿಲ್ಲ.

“ಎಡಗೈದು ಇನ್ನೂ ಅಷ್ಟಿಷ್ಟು ಐತಿ ನೋಡು,” ಎಂದಳು ತನುಜಾ. “ಅದನ್ನ ಹಾಕ್ಕೊ.”

“ಅದೂ ಹೋಗ್ತತಿ, ಚಿಗವ್ವಾ.”

“ಹೋಗಲಿ ಬಿಡು. ನಿನ್ನ ಡಬ್ಬಿ ಬರೂಕಿಂತ ಮೊದ್ಲ ನನ್ನ ಕೈಯಾಗ ಕಸಬರಿಗಿ ಇತ್ತು. ಕಸಬರಿಗಿ ಯಾರ ಹೆಬ್ಬೆಟ್ಟೂ ಕೇಳ್ತಿರಲಿಲ್ಲ. ಬಿಡಿಸ್ತೀನಿ ಅಂದಿ, ಬಿಡಿಸಿದಿ. ಈಗ ಎಲ್ಲಿ ಹೋಗ್ಲಿ, ಅದನ್ನೂ ನೀನ ಹೇಳು.”

ಚಿಗವ್ವ ನೋಡುತ್ತಿರುವಾಗಲೇ ಪ್ರಬುದ್ಧಾ ನಲವತ್ತೊಂದೂ ಮನೆಗಳ ದಾಖಲೆಯಿಂದ ಆ ಹೆಬ್ಬೆಟ್ಟನ್ನು ಅಳಿಸಿಹಾಕಿದಳು. ಮರುದಿನ ಕಾಲನಿಯ ಸಭಾಭವನದಲ್ಲಿ ಎಲ್ಲರನ್ನೂ ಸೇರಿಸಿ, ತಟ್ಟೆಯೊಂದನ್ನು ತಾನೇ ತೊಳೆದು ತೋರಿಸಿದಳು, ತನುಜಾಳ ಕೈಯ ಚಿತ್ರಗಳನ್ನೂ ತೋರಿಸಿದಳು. ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ತಟ್ಟಿದರು. ಕಾಯಕದ ಮಹಿಮೆಯ ಬಗ್ಗೆ ಅಧ್ಯಕ್ಷರು ಅರ್ಧ ತಾಸು ಮಾತಾಡಿದರು.

ಎಂಟು ದಿನ ಅವಳು ಫಲಕದ ಮುಂದೆ ಕಾದಳು. ಒಂದು ಹೊಸ ಹೆಬ್ಬೆಟ್ಟೂ ದಾಖಲಾಗಲಿಲ್ಲ. ಒಂಬತ್ತನೆಯ ದಿನ ಇಡೀ ಕಾಲನಿ ನಾರಿತು. ಹತ್ತನೆಯ ದಿನ ವೆಲ್ಡಿಂಗ್ ಅಂಗಡಿಯವನೊಬ್ಬ ಕಟರ್ ಹಿಡಿದು ಮನೆಮನೆಗೆ ಹೋಗಿ ಬೀಗ ಕತ್ತರಿಸಿದ. ಸ್ವಂತ ಯಂತ್ರವನ್ನು ಹಾಳುಗೆಡವಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಗಿರಾಕಿಗಳ ಮನಸ್ಸು ಅರಿತ ಕಂಪನಿ ಮುಂದಿನ ಒಡಲನ್ನು ಬೀಗವಿಲ್ಲದೆಯೇ ತಂದಿತು. ಪ್ರಬುದ್ಧಾ ಸಹಿ ಹಾಕಲು ಒಪ್ಪದಿದ್ದಾಗ ಅವಳ ಸಹಿ ಇಲ್ಲದೆಯೇ ತಂದಿತು.

ತನುಜಾ ಮತ್ತೆ ತಟ್ಟೆ ತೊಳೆಯುತ್ತಿದ್ದಾಳೆ. ಈಗ ಅರವತ್ತು ಮನೆ. ಎರಡೂ ಕೈಗಳ ಸ್ಪರ್ಶ ಹೋಗಿದೆ. ರೊಟ್ಟಿ ಬಿಸಿಯಿದೆಯೋ ಆರಿದೆಯೋ ಎಂಬುದನ್ನು ತುಟಿಗೆ ತಾಗಿಸಿ ನೋಡಿಯೇ ತಿಳಿಯಬೇಕು.

ಇದೆಲ್ಲ ಇನ್ನೂ ಆಗಿಲ್ಲ. ಒಡಲು ಯಾವ ಅಡುಗೆಮನೆಗೂ ಬಂದಿಲ್ಲ, ಪ್ರಬುದ್ಧಾ ಹುಟ್ಟಿಲ್ಲ. ಆದರೆ ತನುಜಾ ಹುಟ್ಟಿದ್ದಾಳೆ. ಈಗ ಅವಳಿಗೆ ಐದು ವರ್ಷ. ಇವತ್ತು ಬೆಳಿಗ್ಗೆ ನಿಮ್ಮ ಬೀದಿಗೆ ಕಸದ ಗಾಡಿಯ ಹಿಂದೆ ಬರುವ ಮೊದಲು ಅವಳ ಅವ್ವ ಅವಳನ್ನು ಅಂಗನವಾಡಿಗೆ ಬಿಟ್ಟು ಬಂದಿದ್ದಾಳೆ. ಅಲ್ಲಿ ಟೀಚರು ಮಕ್ಕಳ ಮುಂದೆ ನೀಲಿ ಬಣ್ಣ ಕಲಸಿಟ್ಟಿದ್ದಾರೆ. ತನುಜಾ ಅದರಲ್ಲಿ ಅಂಗೈ ಅದ್ದಿ ಗೋಡೆಗೆ ಒತ್ತುತ್ತಾಳೆ. ಒಂದೊಂದು ಬೆರಳಿನ ಒಂದೊಂದು ಗೆರೆಯೂ ಬಿಡಿಬಿಡಿಯಾಗಿ ಮೂಡುತ್ತಿದೆ.